ಚರ್ಚ್‌ಗೇಟಿನಲ್ಲಿ ಗೇಟಿಲ್ಲ

ಚರ್ಚ್‌ಗೇಟಿನಲ್ಲಿ ಗೇಟಿಲ್ಲ,
ಬಜಾರ್‌ಗೇಟಿನಲ್ಲೂ ಇಲ್ಲ.
ಕೋಟೆ ಕೆಡವಿ ನೂರೈವತ್ತು ವರ್ಷದ ಮೇಲಾಯಿತು.
ಆದರೂ ದಿನಾ ಬೆಳಿಗ್ಗೆ ಲೋಕಲ್ ತುಂಬ ಬಂದು
ಆ ಹೆಸರಿನ ಮುಂದೆ ಇಳಿದು
ಇಲ್ಲದ ಬಾಗಿಲು ದಾಟಿ ಕೆಲಸಕ್ಕೆ ಹೋಗುತ್ತೇವೆ.

ನಮ್ಮ ಬ್ಯಾಂಕು ಚಿಕ್ಕದು. ಸಹಕಾರಿ.
ಮೂರನೆಯ ಮಹಡಿ, ಜಾಲರಿ ಎಳೆದು ಮುಚ್ಚುವ ಲಿಫ್ಟು.
ಭದ್ರತೆಯ ದಸ್ತಾವೇಜು ಮಾತ್ರ ದೊಡ್ಡದು:
ಆರು ಕಡತ, ಸಾವಿರದ ನೂರ ಹದಿನಾಲ್ಕು ಪುಟ.
ಅದರಲ್ಲೊಂದನ್ನು ಯಾರೋ ಸೊಟ್ಟಗೆ ಸ್ಕ್ಯಾನ್ ಮಾಡಿದ್ದಾರೆ,
ಅಂಚಿನಲ್ಲೊಂದು ಹೆಬ್ಬೆರಳು ಕಾಣುತ್ತದೆ.
ಆಡಿಟರ್ ಬರುವ ಮುಂಚಿನ ವಾರ, ವರ್ಷವೂ,
ಬೆಟ್ಟ ಅಗೆಯುತ್ತಿದ್ದೆ ನಾನು.
ಸಿಕ್ಕ ಇಲಿಗೆ ಹಳದಿ ಚೀಟಿ ಅಂಟಿಸುತ್ತಿದ್ದೆ.

ಈ ಸಲ ನಿಹಾರ್ ಪೆಡ್ನೇಕರ್, ಡೊಂಬಿವಲಿಯ ಹುಡುಗ,
ಒಂದು ಟೂಲ್ ಬರೆದ.
'ನಂಬರ್ ಹೊಡೀರಿ ಮ್ಯಾಡಮ್, ಇಲ್ಲಾ ಒಂದು ಮಾತು ಹೊಡೀರಿ.'
ಕಪ್ಪು ಪರದೆ. ಮಿಣುಕುವ ಬಿಳಿ ಗೆರೆ.
ಏಳು ಚುಕ್ಕೆ ಎರಡು, ಎಂದೆ.
ರೆಪ್ಪೆ ಬಡಿಯುವುದರೊಳಗೆ ತಂದಿಟ್ಟಿತು
ಕಡತ ಮೂರು, ಪುಟ ಇನ್ನೂರ ಎಂಟು:
'ಸರ್ವರ್ ಕೋಣೆಯ ಬಾಗಿಲು ಸದಾ ಮುಚ್ಚಿರತಕ್ಕದ್ದು.
ಬೀಗ ಎರಡು. ಕೀಲಿ ಇಬ್ಬರ ಬಳಿ.'

ತಲೆಯೆತ್ತಿ ನೋಡಿದೆ.
ಜೂನಿನಿಂದ ಉಬ್ಬಿ ನಿಂತ ಮರದ ಬಾಗಿಲು,
ಸಂದಿಗೆ ಮಡಿಸಿ ತುರುಕಿದ ಹಳೇ ಮರಾಠಿ ಪೇಪರು,
ಕೀಲಿ ಎರಡೂ ಕ್ಯಾಲೆಂಡರಿನ ಹಿಂದೆ, ಒಂದೇ ಮೊಳೆಗೆ.
ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ
ಎಂದು ಕನ್ನಡದಲ್ಲೇ ಅಂದುಬಿಟ್ಟೆ. ನಿಹಾರನಿಗೆ
'ವಾಂಗಿ' ಎಂದ ಮೇಲೆ ಅರ್ಧ ತಿಳಿಯಿತು,
ಪೂರ್ತಿ ಹಸಿವಾಯಿತು.

'ಹೊಣೆ ಯಾರದು' ಎಂದು ಹೊಡೆದೆ.
ಹನ್ನೊಂದು ಕಡೆ ಸಿಕ್ಕಿತು. ಹನ್ನೊಂದು ಕಡೆಯೂ
ಒಂದೇ ಹೆಸರು: ದೂಮಪ್ಪ ಕರ್ಕೇರ.

ಕರ್ಕೇರ ತೀರಿಕೊಂಡು ಒಂಬತ್ತು ವರ್ಷ.
ಟೂಲಿಗೆ ಅದು ಗೊತ್ತಿಲ್ಲ. ಬರೆದದ್ದಷ್ಟೇ ಗೊತ್ತು,
ಎಷ್ಟು ಸಲ ಕೇಳಿದರೂ ಬೇಸರಿಸದೆ
ಕರ್ಕೇರರನ್ನು ಕರೆತಂದು ನಿಲ್ಲಿಸುತ್ತದೆ.
ಆದರೆ ದೀಪ ಆರಿಸಿದ ಮೇಲೆ ಒಂದೊಂದೇ ಬೀಗವನ್ನು
ಮೂರು ಮೂರು ಸಲ ಜಗ್ಗಿ
ಮೂರನೆಯದಕ್ಕೆ 'ಹ್ಞಾಂ' ಅನ್ನುತ್ತಿದ್ದರಲ್ಲ,
ಆ ಹ್ಞಾಂ ಯಾವ ಪುಟದಲ್ಲೂ ಇಲ್ಲ.
ಸ್ಕ್ಯಾನಿನ ಅಂಚಿನ ಹೆಬ್ಬೆರಳು ಅವರದು.
ಬಾಗಿಲಿಗೆ ಸಿಕ್ಕಿ ಸೊಟ್ಟ ಬೆಳೆದ ಆ ಉಗುರು
ನನಗೆ ಗೊತ್ತಾಗದೇ?
ಟೂಲ್ ಅದನ್ನು ಓದಲಿಲ್ಲ. ಅಕ್ಷರವಲ್ಲವಲ್ಲ.

'ಹೆಸರು ಬದಲಿಸಲಾ?' ನಿಹಾರ್ ಕೇಳಿದ.
'ಯಾರದು ಹಾಕ್ತೀ?'
ಇಬ್ಬರೂ ಸ್ವಲ್ಪ ಹೊತ್ತು ಫ್ಯಾನಿನ ಕಡೆ ನೋಡಿದೆವು.

ಒಂಬತ್ತೂ ಹದಿನಾಲ್ಕರ ಸ್ಲೋ ತಪ್ಪಿತು.
ಎದ್ದೆ. ಪೇಪರು ಕಿತ್ತು, ಭುಜ ಕೊಟ್ಟು ನೂಕಿ
ಬೀಗ ಹಾಕಿ ಜಗ್ಗಿದೆ. ಒಂದು. ಎರಡು.
ಮೂರನೆಯದಕ್ಕೆ ಚಿಲಕವೇ ಕೈಗೆ ಬಂತು,
ನಾಲ್ಕು ಸ್ಕ್ರೂ, ಒಂದು ಹಿಡಿ ಗೆದ್ದಲಿನ ಪುಡಿ ಸಮೇತ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.
ನಮ್ಮಲ್ಲಿ ಸೂರೆ ಇನ್ನೂ ಆಗಿಲ್ಲ;
ಬಾಗಿಲೇ ಮೊದಲು ಹೋಯಿತು.

'ಬರಿ' ಎಂದೆ, 'ಏಳು ಚುಕ್ಕೆ ಎರಡರ ಕೆಳಗೇ ಬರಿ.
ಇವತ್ತಿನ ತಾರೀಖು. ಬಾಗಿಲು ಮುಚ್ಚುವುದಿಲ್ಲ.
ಚಿಲಕ ವನಮಾಲಾ ಸುವರ್ಣರ ಡ್ರಾಯರಿನಲ್ಲಿದೆ.
ಹೊಣೆ: ಅವರದೇ.'
ನನ್ನ ಹೆಸರಿನ ಸ್ಪೆಲಿಂಗ್ ಎರಡು ಸಲ ನೋಡಿದೆ.
ಅಲ್ಲ, ಮೂರು ಸಲ.

ಬೆಳಿಗ್ಗೆ ಆಡಿಟರ್ ಕನ್ನಡಕ ಒರೆಸಿಕೊಂಡು
'ಬಾಗಿಲು' ಎಂದು ಹೊಡೆದರು.
ಸಾವಿರದ ನೂರ ಹದಿನೈದು ಪುಟಗಳಲ್ಲಿ
ಮೊದಲು ಬಂದದ್ದು ಅದೇ.
ನಾನು ಡ್ರಾಯರ್ ಎಳೆದೆ.