ಮರುತೂಕ

ಪತ್ರದಲ್ಲಿ ಹೌದು ಇರಲಿಲ್ಲ, ಇಲ್ಲವೂ ಇರಲಿಲ್ಲ.
'ನಿಮ್ಮ ಅರ್ಜಿಯನ್ನು ಎರಡನೇ ಸುತ್ತಿಗೆ ಕಾಯ್ದಿರಿಸಲಾಗಿದೆ.'
ನನಗೆ ಗೊತ್ತಿದ್ದ ಹಾಗೆ ಕಾಯ್ದಿರಿಸುವುದು ಬಸ್ಸಿನ ಸೀಟನ್ನು,
ಕಿಟಕಿಯಿಂದ ಕರ್ಚೀಫು ಎಸೆದು.
ಇಲ್ಲಿ ಕರ್ಚೀಫು ನಾನೇ.

ಕೆಳಗೆ ಸಣ್ಣ ಅಕ್ಷರ:
ಬೇಕಿದ್ದವರು ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದು,
ಬರೆದರೆ ಕೊನೆಯ ಅಂಕವೇ ಅಂಕ.
ಎಂದರೆ ನನ್ನ ನೂರ ಹದಿನೆಂಟು
ನಾನು ಶುಲ್ಕ ಕಟ್ಟಿದ ಗಳಿಗೆಯಲ್ಲೇ ಸಾಯುತ್ತದೆ,
ನೂರ ಒಂದು ಹುಟ್ಟಿದರೂ ಅದನ್ನೇ ಸಾಕಬೇಕು.

ಬರಿ, ಎಂದರು ಫಿಸಿಕ್ಸಿನ ವಿಂಧ್ಯಾ ಮೇಡಂ,
ಸಾಲಗಾಮೆ ರಸ್ತೆಯ ಬೇಕರಿಯೆದುರು, ಸ್ಕೂಟರ್ ಆರಿಸದೆ.
ಬರೀಬೇಡ, ಎಂದ ಸಂತೇಪೇಟೆಯ ಸೈಬರ್ ಅಂಗಡಿಯ ಮುನಾವರ್;
ಅವನ ಚಿಕ್ಕಮ್ಮನ ಮಗಳಿಗೆ ಎರಡನೇ ಸಲ ಇಪ್ಪತ್ತು ಕಮ್ಮಿ ಬಂತಂತೆ.
ಅವಳೀಗ ಏನು ಮಾಡುತ್ತಾಳೆ ಎಂದೆ.
ಚೆನ್ನಾಗಿದಾಳೆ, ಎಂದ, ಸ್ವಲ್ಪ ಬೇಸರದಿಂದ.

ಹದಿನೇಳನೇ ಪ್ರಶ್ನೆ ನೆನಪಿದೆ ನನಗೆ.
ಸರಿಯುತ್ತರ ಒತ್ತಿದ್ದೆ. ಮೂರು ನಿಮಿಷ ಬಿಟ್ಟು
ಹಿಂದೆ ಹೋಗಿ ಅಳಿಸಿದೆ.
ಯಾಕೆಂದು ಕೇಳಿದರೆ, ಪಕ್ಕದ ಹುಡುಗ ಮುಗಿಸಿ ಎದ್ದ,
ಕುರ್ಚಿ ಕಿರ್ರೆಂದಿತು. ಅಷ್ಟೇ.
ಒಂದು ಕುರ್ಚಿಯ ಸದ್ದಿಗೆ ಅಲ್ಲಾಡಿದ ಅಂಕ ಅದು.
ಅದು ನನ್ನದು ಹೌದೇ?
ಅಲ್ಲದಿದ್ದರೆ ಮುಂದಿನದು ಮಾತ್ರ ಹೇಗೆ ನನ್ನದು?

ಸಂಜೆ ಎಪಿಎಂಸಿ ಯಾರ್ಡಿಗೆ ಹೋದೆ.
ಜಲಂಧರದ ಲಾರಿ ಬಂದಿತ್ತು, ಬೀಜದ ಆಲೂಗಡ್ಡೆ,
ಗೋಣಿಯ ಕಣ್ಣುಗಳಲ್ಲಿ ಪಂಜಾಬಿನ ಮಣ್ಣು.
ತೂಕದವರು ನಮ್ಮಪ್ಪ. ಕಿವಿಯ ಹಿಂದೆ ಪೆನ್ಸಿಲ್ಲು.
ಅಲ್ಲಿ ಐವತ್ತು ಕೆಜಿ ಎಂದು ಹೊಲಿದ ಚೀಲ
ಇಲ್ಲಿ ನಲವತ್ತೆಂಟೂವರೆ ತೋರಿಸುತ್ತಿತ್ತು.
ಅರಕಲಗೂಡಿನ ಗಿರಾಕಿಯೊಬ್ಬರು ಸಿಟ್ಟಿನಲ್ಲಿದ್ದರು:
'ಇನ್ನೊಂದ್ಸಲ ತೂಗು ರುದ್ರಣ್ಣ.'
ಅಪ್ಪ ವಾದಿಸಲಿಲ್ಲ. ಚೀಲ ಇಳಿಸಿದರು.
ತಟ್ಟೆಯ ಮೇಲಿನ ಮಣ್ಣನ್ನು ಟವೆಲಿನಿಂದ ಒರೆಸಿದರು,
ಸೊನ್ನೆ ಬರುವವರೆಗೆ ನಿಂತರು. ಮತ್ತೆ ಏರಿಸಿದರು.
ನಲವತ್ತೆಂಟು, ನಾನೂರು.

'ಯಾರೂ ಕದ್ದಿಲ್ಲ ಯಜಮಾನ್ರೇ, ನೀರು ಹೋಗಿದೆ.
ಮೊಳಕೆ ಒಡೆಯೋದಕ್ಕೆ ನೀರು ಬೇಕಲ್ಲ.'

ಗಿರಾಕಿ ಚೀಲದೊಳಗೆ ಕೈ ಹಾಕಿ
ಒಂದು ಗಡ್ಡೆ ತೆಗೆದು ನೋಡಿದರು.
ನಾನೂ ನೋಡಿದೆ. ನೇರಳೆ ಬಣ್ಣದ ಎಳೆಗಣ್ಣು,
ಸೂಜಿಯ ಮೊನೆಯಷ್ಟು.

ಅಪ್ಪನಿಗೆ ಎಲ್ಲ ಹೇಳಿದೆ, ಎರಡು ಸಾವಿರದ ಏಳುನೂರು ಎಂಬುದನ್ನೂ.
ಲಾರಿಯ ನೆರಳಿನಲ್ಲಿ ಟೀ ಕುಡಿಯುತ್ತ ಕೇಳಿದರು.
'ಕಮ್ಮಿ ಬಂದ್ರೆ?'
ಬರಬಹುದು, ಎಂದೆ.
'ಬರದೇ ಇದ್ರೆ ರಾತ್ರಿ ನಿದ್ದೆ ಬರುತ್ತಾ?'
ಯಾವುದು ಬರದಿದ್ದರೆ ಎಂದು ನಾನು ಕೇಳಲಿಲ್ಲ.
ಅವರೂ ಬಿಡಿಸಿ ಹೇಳಲಿಲ್ಲ.

ಮುನಾವರನ ಅಂಗಡಿ ಒಂಬತ್ತಕ್ಕೆ ಮುಚ್ಚುತ್ತದೆ.
ಎಂಟೂಮುಕ್ಕಾಲಕ್ಕೆ ಶುಲ್ಕದ ಪುಟ ತೆರೆಯಿತು,
ಒಟಿಪಿ ಹೋದದ್ದು ಅಪ್ಪನ ಫೋನಿಗೆ,
ಅಪ್ಪ ಇನ್ನೂ ಯಾರ್ಡಿನಲ್ಲಿ, ಎರಡನೇ ಲಾರಿಯ ಮೇಲೆ.
ಮುನಾವರನ ಫೋನಿನಿಂದ ಕೂಗಿದೆ: ನಂಬರ್ ಓದಿ ಅಪ್ಪಾ.
ಹಿಂದೆ ಹಮಾಲಿಗಳ ಗದ್ದಲ.
ಮೂವತ್ತು ವರ್ಷದ ರೂಢಿ, ಅಪ್ಪನ ಬಾಯಿಗೆ
ಒಂದು ಎಂಬ ಅಂಕಿ ಬರುವುದೇ ಇಲ್ಲ,
ಅಳೆಯುವವರು ಎಣಿಕೆಯನ್ನು ಶುರು ಮಾಡುವ ಹಾಗೆಯೇ
ಅವರು ರಾಗವಾಗಿ ಓದತೊಡಗಿದರು:

'ಲಾಭ...
ಎಂಟು...
ಸೊನ್ನೆ...
ಸೊನ್ನೆ...
ಲಾಭ...'

ಕೊನೆಯದು ಕೇಳಿಸಲಿಲ್ಲ.
ಇನ್ನೊಂದ್ಸಲ ಹೇಳಿ, ಎಂದೆ.
ಮುನಾವರ್ ಅರ್ಧ ಶಟರ್ ಎಳೆದು ನಿಂತಿದ್ದ.