ಮಳಿಗೆ ಮೂರರ ರಿಜಿಸ್ಟರು

ಎರಡು ಡಿಗ್ರಿ. ಮೂರು ಡಿಗ್ರಿ. ಮತ್ತೆ ಎರಡು.
ಗಂಟೆಗೊಮ್ಮೆ ಬರೆದಿಡುವುದು ನನ್ನ ಕೆಲಸ.
ಜಲಂಧರದಿಂದ ಲಾರಿಯಲ್ಲಿ ಬಂದ ಬಿತ್ತನೆ ಆಲೂಗಡ್ಡೆ
ಹಾಸನದ ಹೊರಗಿನ ಈ ಶೀತಲಗೃಹದಲ್ಲಿ
ಮೂಟೆ ಮೇಲೆ ಮೂಟೆ ಮಲಗಿದೆ.
ಕಣ್ಣಿದೆ ಅದಕ್ಕೆ. ಬಿಡುತ್ತಿಲ್ಲ.

ಹೋದ ಕಾರ್ತಿಕದಿಂದ ನನಗೂ ಹಾಗೇ.
ಅನ್ನಕ್ಕೆ ಅನ್ನದ ರುಚಿಯಿಲ್ಲ. ಮಗಳ ನಗು
ಪಕ್ಕದ ಮನೆಯ ರೇಡಿಯೊ.
ಬೆಳಗಿನ ಜಾವ ಮೂರಕ್ಕೆ ಎದೆಯೊಳಗೆ
ಯಾರೋ ಶಟರ್ ಎಳೆದ ಸದ್ದು.
'ಮೈಗಳ್ಳ ಆಗ್ಬಿಟ್ಟ' ಅಂದರು ಅತ್ತಿಗೆ.
'ದೃಷ್ಟಿ ಕಣ್ಲಾ' ಅಂದ ಕೆಂಚೇಗೌಡ.
ಮುನೀರ್ ಏನೂ ಅನ್ನದೆ ಸ್ಕೂಟರು ಹತ್ತಿಸಿಕೊಂಡು
ಜಿಲ್ಲಾಸ್ಪತ್ರೆಯ ಹದಿನಾಲ್ಕನೇ ಕೋಣೆಗೆ ಬಿಟ್ಟ.

ಡಾಕ್ಟರ್ ಫ್ಲಾವಿಯಾ ಚೀಟಿಯ ಹಿಂದೆ
ಚುಕ್ಕಿಗೆ ಚುಕ್ಕಿ ಸೇರಿಸಿ ಸರ ಬರೆದರು.
ಇದು ನಲವತ್ತೊಂದು ಮಣಿ, ಅಪಾಯದ ಕೂಗು.
ಆಲೂರಿನ ಕಡೆ ಆನೆ ಕಾಡು ಸೇರಿದ ಮೇಲೂ
ತಮಟೆ ನಿಲ್ಲಿಸದ ಕಾವಲುಗಾರನ ಹಾಗೆ, ಕೆಲವರ ಮೆದುಳಲ್ಲಿ.
ಇದು ಮೂವತ್ತಾರು: ಇರಲಿ ಬಿಡು, ಮಲಗು ಅನ್ನುವುದು.
ನಿಮ್ಮಲ್ಲಿ ಕಡಿಮೆ ಇರಬಹುದು. ಇರಬಹುದು,
ಎರಡು ಸಲ ಅಂದರು.
ಇದು ಬರೀ ಒಂಬತ್ತು. ಹೆರಿಗೆಯಲ್ಲಿ, ಎದೆಹಾಲಿನಲ್ಲಿ,
ಹೆಗಲ ಮೇಲೆ ಕೈಯಿಟ್ಟರೂ ಬರುತ್ತಂತೆ.

ಕಡಿಮೆ ಇದ್ದರೆ ಹಾಕಿ ಮೇಡಂ, ಅಂದೆ.
ಗೋಡೌನಿನವನು, ನನಗೆ ಗೊತ್ತಿರೋದು ಅಷ್ಟೇ:
ಬಂದದ್ದು, ಹೋದದ್ದು, ಬಾಕಿ.
ನಕ್ಕರು. ಇಲಿಗಳಲ್ಲಿ ಮಾಡಿ ನೋಡಿದ್ದಾರೆ,
ಮನುಷ್ಯರ ಹತ್ತಿರ ಬಂದಾಗ ಸೋತದ್ದೂ ಇದೆ.
ಸದ್ಯಕ್ಕೆ ಈ ಮಾತ್ರೆ. ಇದರ ದಾರಿ ಬೇರೆ.
ಎರಡು ಮೂರು ವಾರ ಏನೂ ಅನ್ನಿಸದಿರಬಹುದು. ಬಿಡಬೇಡಿ.

ಎನ್.ಆರ್. ಸರ್ಕಲ್‌ವರೆಗೂ ನಡೆದೇ ಬಂದೆ.
ನನ್ನ ಸೋಮಾರಿತನ, ನನ್ನ ಪಾಪ, ಎಣಿಸಬಹುದಾದಷ್ಟು ಮಣಿ.
ಕಬ್ಬಿನಹಾಲಿನ ಗಾಡಿ ಮುಂದೆ ನಿಂತು ಅತ್ತೆ.
ಹುಡುಗ ದುಡ್ಡು ಕೇಳಲಿಲ್ಲ. ಅದಕ್ಕೂ ಅತ್ತೆ.

ಇವತ್ತು ಹತ್ತೊಂಬತ್ತನೇ ದಿನ, ಏಪ್ರಿಲ್ ಕೊನೆ.
ಮಳಿಗೆ ಮೂರರ ಬಾಗಿಲು ತೆಗೆದಿದ್ದಾರೆ.
ತಣ್ಣಗಿದ್ದದ್ದನ್ನು ನೇರ ಮಣ್ಣಿಗೆ ಹಾಕುವಂತಿಲ್ಲ;
ನೆರಳಲ್ಲಿ ಹರಡಿ ಕಾಯಬೇಕು.
ಕೆಲವು ಕೊಳೆತಿರುತ್ತವೆ,
ಮುನೀರ್ ಮೂಗಿನಿಂದಲೇ ಹುಡುಕುತ್ತಾನೆ.

ಟೀ ತಂದು ಹೆಗಲ ಮೇಲೆ ಕೈಯಿಟ್ಟ.
ಒಂಬತ್ತರವರೆಗೆ ಎಣಿಸಿದೆ.
ಕೈ ತೆಗೆದು ಮೂಟೆ ಕಡೆ ಹೋದ.
ಎರಡು ಡಿಗ್ರಿಯ ಪಕ್ಕ, ಅಂಚಿನಲ್ಲಿ, ಬರೆದೆ:
ಟೀ ಬಿಸಿ ಇತ್ತು.