ಎತ್ತರ ಮಾತ್ರ ಒಂದೇ ಗೆರೆ

ಮೊದಲು ಎಡಗೈ. ಸೆಪ್ಟೆಂಬರ್ ಕಳೆಯುವುದರೊಳಗೆ ಬಲಗೈ.
ಕಾಫಿ ಲೋಟ ಬಸಿಯ ಮೇಲೆ ಹಲ್ಲು ಕಟಕಟಿಸಿತು.
ಒಂದು ಸುರುಳಿ ಬರೆಯಿರಿ ಎಂದ ಡಾಕ್ಟರು.
ಬರೆದೆ. ಮುಳ್ಳುತಂತಿ.

ಶಾಲೆಯ ಬಸ್ಸಿನ ಕೀಲಿಕೈ ಶಾಲೆಗೆ ವಾಪಸು.
ಕೋವಿ ಸಿಗ್ರಿಡ್‌ಗೆ, ತಮ್ಮನ ಮಗಳಿಗೆ:
ತಗೋ, ನಾನು ಹೊಡೆದರೆ ಇನ್ನು ಮೊಂಟಾನಾದ ಆಕಾಶವೂ ತಪ್ಪೀತು.
ಗ್ಯಾರೇಜಿನ ಬೆಂಚು ಮಾತ್ರ ಕೊಡಲಿಲ್ಲ.

ಪ್ರೆಸ್ಸಿನ ಹಿಡಿಕೆಗೆ ನಡುಕ ತಿಳಿಯದು,
ಅದಕ್ಕೆ ಬೇಕಾದದ್ದು ಭಾರ, ಭುಜ ಸಾಕು.
ಹೋದ ಬೇಸಿಗೆ ಕೋವಿ ಉಗುಳಿದ ಹಿತ್ತಾಳೆ ಚಿಪ್ಪುಗಳನ್ನು
ಮೆಕ್ಕೆಜೋಳದ ದಿಂಡಿನ ತರಿಯಲ್ಲಿ ರಾತ್ರಿಯಿಡೀ ಉರುಳಿಸಿ
ಕತ್ತು ತಿದ್ದಿ, ಬಾಯಿಯ ಅಂಚು ಸವರಿ
ಹಲಗೆಯ ಕುಳಿಗಳಲ್ಲಿ ನಿಲ್ಲಿಸಿದೆ, ಐವತ್ತು:
ಗೂಡಿನಲ್ಲಿ ಬಾಯ್ತೆರೆದ ಮರಿಗಳು.

ಮದ್ದು ತೂಗುವುದೇ ಕಷ್ಟ.
ಅಕ್ಕಸಾಲಿಗನ ತಕ್ಕಡಿಯೂ ಇದರ ಮುಂದೆ ಒರಟು,
ಮುಳ್ಳಿನ ತುದಿಗೆ ನನ್ನ ಉಸಿರೇ ಬಿರುಗಾಳಿ.
ಈ ಮದ್ದು ಪುಡಿಯಲ್ಲ,
ಮುರಿದ ಪೆನ್ಸಿಲ್ ಮೊನೆಯಂಥ ಕಪ್ಪು ತುಣುಕುಗಳು.
ಚಿಮಟದಲ್ಲಿ ಹಿಡಿದರೆ
ಬೀಳು ಎಂದಾಗ ಬೀಳದು, ಬೇಡ ಎಂದಾಗ ಮೂರು.
ಒಂದು ವಾರ ಬೈದುಕೊಂಡೆ.
ಆಮೇಲೊಂದು ಸಂಜೆ ಸೋತು
ಮೊಣಕೈ ಊರಿ, ಚಿಕ್ಕ ಚಮಚ ಹಿಡಿದು
ನಡುಕವನ್ನು ಅದರ ಪಾಡಿಗೆ ಬಿಟ್ಟೆ.
ಅದೇ ಉದುರಿಸಿತು. ಒಂದು. ಇನ್ನೊಂದು.
ನಲವತ್ತು ವರ್ಷ ಅಲುಗದಿದ್ದ ಕೈ ಎಂದೂ ಕಲಿಯದ ನಾಜೂಕಿನಲ್ಲಿ.

ಯಾರಿಗೂ ಹೇಳಲಿಲ್ಲ.

ಮೂವತ್ತೊಂದೋ ಮೂವತ್ತೆರಡೋ ಆಗಿರುವಾಗ ಫೋನು,
ಹಾಲ್ವರ್ಸನ್ ಮನೆಯ ಅಜ್ಜಿ:
ಆರ್ವಿಲ್ಲಾ, ರಾತ್ರಿ ಹಿಮವಂತೆ, ನಾಳೆ ಬಸ್ಸು ಬರುತ್ತಾ?
ನಾನೀಗ ಓಡಿಸುವುದಿಲ್ಲವಲ್ಲ.
ಗೊತ್ತು. ಆದರೂ, ಬರುತ್ತಾ?
ಕಿಟಕಿಯಾಚೆ ಬೆಟ್ಟದ ನೆತ್ತಿ ನೋಡಿದೆ.
ಬರುತ್ತೆ, ಎಂದೆ. ಹತ್ತು ನಿಮಿಷ ತಡ.

ಮರಳಿ ಬಂದರೆ ಲೆಕ್ಕ ಜಾರಿತ್ತು.
ತುಂಬಿದೊಡನೆ ಗುಂಡು ಕೂರಿಸಿ ಮುಚ್ಚುವುದು ನನ್ನ ರೂಢಿ.
ಕೊನೆಯದಕ್ಕೆ ಮುಳ್ಳು ಸಮ ಬಂದಿತ್ತೋ,
ಫೋನಿನ ಸದ್ದಿಗೆ ಬೆಚ್ಚಿ ಹಾಗೇ ಮುಚ್ಚಿದೆನೋ?
ಯಾವುದದು, ಈ ಸಾಲಿನಲ್ಲಿ?
ಮುಚ್ಚಿದ ತೋಟಾ ತೂಗಿದರೆ ಉತ್ತರ ಸಿಗದು,
ಹಿತ್ತಾಳೆ ಹಿತ್ತಾಳೆಗೇ ಅದಕ್ಕಿಂತ ಹೆಚ್ಚು ವ್ಯತ್ಯಾಸ.

ನಾಲ್ಕು ತುಣುಕು, ಅಷ್ಟೇ. ಎಳ್ಳಿಗೂ ಕಡೆ.
ಯಾರಿಗೆ ತಿಳಿಯುತ್ತದೆ?
ಯಾರಿಗೂ ಇಲ್ಲ, ಅದೇ ತೊಂದರೆ.
ಸಾವಿರ ಗಜದಾಚೆ ಒಂದು ಗುಂಡು ಅಂಗೈಯಷ್ಟು ಕೆಳಗಿಳಿದರೆ
ಹುಡುಗಿ ನನ್ನನ್ನು ಬೈಯುವುದಿಲ್ಲ,
ತನ್ನ ಉಸಿರನ್ನು ಬೈದುಕೊಳ್ಳುತ್ತಾಳೆ,
ತನ್ನ ಬೆರಳನ್ನು, ಕೋವಿಯ ಕುದುರೆಯನ್ನು ಅದು ಎಳೆದ ಬಗೆಯನ್ನು.
ಇಲ್ಲದ ತಪ್ಪು ತಿದ್ದಲು ಹೋಗಿ ಇದ್ದ ಗುಣ ಕೆಡಿಸಿಕೊಳ್ಳುತ್ತಾಳೆ.

ಸುತ್ತಿಗೆಯಂಥ ಆ ಕಳಚುವ ಸಾಧನ ತಂದೆ.
ಸಿಮೆಂಟ್ ನೆಲದ ಮೇಲೆ ಒಂದೊಂದನ್ನೇ ಕುಟ್ಟಿದೆ,
ಗುಂಡು ಬೇರೆ, ಮದ್ದು ಬೇರೆ, ಚಿಪ್ಪು ಬೇರೆ.
ಎಲ್ಲ ಬಿಚ್ಚಿ ಮತ್ತೆ ಒಂದರಿಂದ.
ಎರಡು ಗಂಟೆ ರಾತ್ರಿ ಹಿಮ ಶುರುವಾಯಿತು.

ಜೂನ್. ಹುಲ್ಲುಗಾವಲಿನ ಅಂಚಿಗೆ ಬಿಳಿ ಚೌಕಗಳು.
ಸಿಗ್ರಿಡ್ ಬೋರಲು ಮಲಗಿದಳು, ನಾನು ಹಿಂದೆ,
ಮುಕ್ಕಾಲಿ ಮೇಲಿನ ದುರ್ಬೀನಿಗೆ ಕಣ್ಣು ಕೊಟ್ಟು
ಕೈಗಳನ್ನು ಜೇಬಿನಲ್ಲಿ ಬಚ್ಚಿಟ್ಟು.
ಅವಳು ಹೊಡೆದಾಗ
ಬಿಸಿಲ್ಗುದುರೆಯ ನೀರಿನಲ್ಲೊಂದು ಸುಕ್ಕು ಕಮಾನಾಗಿ ಓಡುತ್ತದೆ.
ಒಂದೂವರೆ ಸೆಕೆಂಡು.
ಅಷ್ಟು ಹೊತ್ತು ಅದು ಅವಳದೂ ಅಲ್ಲ, ನನ್ನದೂ ಅಲ್ಲ.

ಮಧ್ಯಾಹ್ನ ಬಾವುಟಗಳು ತಿರುಗಿದವು.
ಗಾಳಿ ತೂಗುವ ತಕ್ಕಡಿ ಯಾವ ಅಂಗಡಿಯಲ್ಲೂ ಇಲ್ಲ.
ಅವಳ ಗುಂಡುಗಳು ಎಡಕ್ಕೆ ಸರಿದವು, ಬಲಕ್ಕೆ ಸರಿದವು,
ಎತ್ತರ ಮಾತ್ರ ಒಂದೇ ಗೆರೆ,
ಹಗ್ಗದ ಮೇಲೆ ಸಾಲಾಗಿ ಬಟ್ಟೆ ಹರವಿದ ಹಾಗೆ.
ಆರನೆಯ ಸ್ಥಾನ.
ಗಾಳಿ ಓದೋದು ಕಲೀಬೇಕು ಅತ್ತೆ, ಎಂದಳು.
ಉಸಿರಿನ ಮಾತೆತ್ತಲಿಲ್ಲ.

ಖಾಲಿ ಚಿಪ್ಪುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡೆ,
ಇನ್ನೂ ಬೆಚ್ಚಗಿದ್ದವು.
ಟ್ರಕ್ಕಿನ ಬಳಿ ಅವಳು ಕಿವಿಗೊಟ್ಟಳು:
ಸುಮ್ಮನೆ ನಿಂತಿದ್ದೀಯ, ಏನದು ಗಲಗಲ?
ಎಣಿಸ್ತಾ ಇದ್ದೀನಿ, ಎಂದೆ.